ದೋಷ ತಿದ್ದಿದರೆ ಸಾಕೇ, ಬಾಗಿಲು ಭದ್ರವಾಗಬೇಡವೇ?

ಕಳೆದ ವರ್ಷ ಮೇ ತಿಂಗಳ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ತಂಗಿಯ ಮಗಳು ಫೋನ್ ಮಾಡಿದಳು. ಕರಾವಳಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಅಂತಿಮ ವರ್ಷದಲ್ಲಿದ್ದ ಆಕೆ ಮರುದಿನ ಬೆಳಿಗ್ಗೆ ತನ್ನ ಪ್ರಾಜೆಕ್ಟನ್ನು ಪರೀಕ್ಷಕರ ಮುಂದೆ ನಡೆಸಿ ತೋರಿಸಬೇಕಿತ್ತು. ವಿದ್ಯಾರ್ಥಿನಿಲಯದ ಊಟದ ಲೆಕ್ಕ ಇಡುವ ಸಣ್ಣದೊಂದು ಜಾಲತಾಣ ಅದು. ‘ಮಾವ, ಲಾಗಿನ್ ಪುಟವೇ ಕೆಲಸ ಮಾಡ್ತಾ ಇಲ್ಲ. ಸಿಂಟ್ಯಾಕ್ಸ್ ಎರರ್ ಅಂತ ಬರ್ತಾ ಇದೆ. ನೀವು ಒಮ್ಮೆ ನೋಡ್ತೀರಾ?’ ಎಂದಳು. ದನಿಯಲ್ಲಿ ಅಳು ಒತ್ತಿಕೊಂಡು ಬರುತ್ತಿತ್ತು.

ತಂತ್ರಾಂಶದ ಕಸುಬಿನಲ್ಲಿ ಎರಡು ದಶಕ ಕಳೆದವನಿಗೆ ಇಂಥ ಕರೆಗಳು ಹೊಸತಲ್ಲ. ಆಕೆ ಕಳುಹಿಸಿದ ಕೋಡ್ ಮೂವತ್ತು ಸಾಲಿನಷ್ಟಿತ್ತು. ಪಿಎಚ್‌ಪಿ ಭಾಷೆಯಲ್ಲಿ ಬರೆದದ್ದು, ಹಿಂದೆ ಮೈಎಸ್‌ಕ್ಯುಎಲ್ ಡೇಟಾಬೇಸ್. ಬಳಕೆದಾರರು ತುಂಬಿದ ಹೆಸರು, ಪಾಸ್‌ವರ್ಡ್‌ಗಳನ್ನು ತೆಗೆದುಕೊಂಡು, ‘ಈ ಹೆಸರು, ಈ ಪಾಸ್‌ವರ್ಡ್ ಇರುವವರು ಪಟ್ಟಿಯಲ್ಲಿ ಇದ್ದಾರೆಯೇ’ ಎಂದು ಡೇಟಾಬೇಸನ್ನು ಕೇಳುವ ಒಂದು ವಾಕ್ಯವನ್ನು ಆ ಕೋಡ್ ಕಟ್ಟುತ್ತಿತ್ತು. ದೋಷ ಹುಡುಕಲು ಕಷ್ಟವಾಗಲಿಲ್ಲ. ಎರಡು ಷರತ್ತುಗಳ ನಡುವೆ ‘ಮತ್ತು’ ಎಂಬರ್ಥದ ಪದ ಇರಬೇಕಾದಲ್ಲಿ ಅಲ್ಪವಿರಾಮವೊಂದು ಕುಳಿತಿತ್ತು. ಹೊಸ ಹೆಸರನ್ನು ಪಟ್ಟಿಗೆ ಸೇರಿಸುವ ವಾಕ್ಯದಲ್ಲಿ ಅಲ್ಪವಿರಾಮ ಸರಿ, ಇದ್ದವರನ್ನು ಹುಡುಕುವ ವಾಕ್ಯದಲ್ಲಿ ಅದು ತಪ್ಪು. ಕಲಿಯುವವರು ಇವೆರಡನ್ನು ಗೊಂದಲ ಮಾಡಿಕೊಳ್ಳುವುದು ತೀರಾ ಸಹಜ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಯಂತ್ರ ಕೊಟ್ಟ ದೋಷಸಂದೇಶದಲ್ಲಿಯೇ ಉತ್ತರ ಅಡಗಿತ್ತು. ತಾನು ಎಲ್ಲಿ ಎಡವಿದೆನೋ ಆ ಜಾಗದಿಂದ ಮುಂದಿನ ತುಣುಕನ್ನು ಮೈಎಸ್‌ಕ್ಯುಎಲ್ ತನ್ನ ಸಂದೇಶದ ಕೊನೆಯಲ್ಲಿ ಉದ್ಧರಿಸುತ್ತದೆ. ಆ ತುಣುಕು ಅಲ್ಪವಿರಾಮದಿಂದಲೇ ಆರಂಭವಾಗಿತ್ತು. ಹುಡುಗಿ ಸಂದೇಶದ ಮೊದಲರ್ಧ ಓದಿ, ‘ಎರರ್’ ಎಂಬ ಪದ ಕಂಡೊಡನೆ ಕಂಗಾಲಾಗಿ, ಉಳಿದರ್ಧವನ್ನು ಬಿಟ್ಟುಬಿಟ್ಟಿದ್ದಳು. ಅಲ್ಪವಿರಾಮ ತೆಗೆಸಿದೆ, ಪುಟ ತೆರೆಯಿತು. ‘ಅಬ್ಬಾ, ಬದುಕಿದೆ ಮಾವ!’ ಎಂದಳು. ಅಲ್ಲಿಗೆ ಮುಗಿದಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಇರಲಿಲ್ಲ.

ಮುಗಿಯಲಿಲ್ಲ. ಹತ್ತು ನಿಮಿಷದಲ್ಲಿ ಮತ್ತೆ ಕರೆ. ಕೊಠಡಿಯ ಗೆಳತಿ ತನ್ನ ಹೆಸರು ಹಾಕಿ ಲಾಗಿನ್ ಆಗಲು ಹೋದಾಗ ಅದೇ ದೋಷ ಮರಳಿ ಬಂದಿತ್ತು. ಉಳಿದವರ ಹೆಸರಿಗೆಲ್ಲ ಬಾಗಿಲು ತೆರೆಯುತ್ತಿತ್ತು, ಆಕೆಯ ಹೆಸರಿಗೆ ಮಾತ್ರ ಇಲ್ಲ. ಆ ಗೆಳತಿ ಮಂಗಳೂರಿನ ಕ್ರೈಸ್ತ ಮನೆತನದವಳು. ಡಿಸೋಜ, ಡಿಸಿಲ್ವ, ಡಿಮೆಲ್ಲೊ ಮುಂತಾದ ಮನೆತನದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಅಕ್ಷರದ ನಂತರ ಮೇಲ್ಗಡೆ ಒಂದು ಚಿಹ್ನೆ ಬರುತ್ತದೆಯಷ್ಟೆ. ಕೀಲಿಮಣೆಯಲ್ಲಿ ಅದೂ ಒಂಟಿ ಉದ್ಧರಣ ಚಿಹ್ನೆಯೂ ಒಂದೇ. ಡೇಟಾಬೇಸಿನ ಭಾಷೆಯಲ್ಲಿ ಆ ಚಿಹ್ನೆಗೆ ‘ಹೆಸರು ಇಲ್ಲಿಗೆ ಮುಗಿಯಿತು’ ಎಂಬ ಅರ್ಥ. ಹೀಗಾಗಿ ಯಂತ್ರದ ಲೆಕ್ಕದಲ್ಲಿ ಆಕೆಯ ಮನೆತನದ ಹೆಸರು ‘ಡಿ’ ಎಂಬಲ್ಲಿಗೆ ಮುಗಿದು, ‘ಸೋಜ’ ಎಂಬುದು ಅದಕ್ಕೆ ತಿಳಿಯದ ಆಜ್ಞೆಯಾಗಿಬಿಟ್ಟಿತು.

‘ಅವಳ ಹೆಸರಿನಿಂದ ಆ ಚಿಹ್ನೆ ತೆಗೆದುಹಾಕಲಾ?’ ಎಂದು ಸೊಸೆ ಕೇಳಿದಳು. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವ ದುರಸ್ತಿ ಇದೇ. ಯಂತ್ರಕ್ಕೆ ಒಗ್ಗದ ಹೆಸರಿದ್ದರೆ ಹೆಸರನ್ನೇ ತಿದ್ದುವುದು. ನಾನು ಬೇರೊಂದು ಕೆಲಸ ಹೇಳಿದೆ. ಹೆಸರಿನ ಜಾಗದಲ್ಲಿ ಏನಾದರೂ ಬರೆದು, ಪಾಸ್‌ವರ್ಡ್ ಜಾಗದಲ್ಲಿ ಒಂದು ಉದ್ಧರಣ ಚಿಹ್ನೆ ಹಾಕಿ, ಅದರ ಮುಂದೆ ‘ಅಥವಾ ಒಂದು ಒಂದಕ್ಕೆ ಸಮ’ ಎಂಬರ್ಥದ ತುಣುಕೊಂದನ್ನು ಬರೆಯಲು ತಿಳಿಸಿದೆ. ಆಕೆ ಬರೆದಳು. ಕೆಲವು ಕ್ಷಣ ಫೋನಿನಲ್ಲಿ ಮಾತಿಲ್ಲ. ‘ಮಾವ, ವಾರ್ಡನ್ ಪುಟ ತೆರೆದುಕೊಂಡಿತು...’ ಪಟ್ಟಿಯಲ್ಲಿ ಮೊದಲು ನೋಂದಾಯಿಸಿದ್ದ ಹೆಸರು ವಾರ್ಡನ್ನರದ್ದು. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದೆಯೇ ಅವರ ಬಾಗಿಲು ತೆರೆದಿತ್ತು.

ಗೆಳತಿಯ ಹೆಸರಿಗೆ ಅಡ್ಡಿಯಾದ ದೋಷವೂ ಕಳ್ಳನಿಗೆ ಬಾಗಿಲು ತೆರೆದ ದೋಷವೂ ಒಂದೇ. ಪ್ರಾಮಾಣಿಕ ಬಳಕೆದಾರಳು ಆ ಚಿಹ್ನೆಯನ್ನು ಹಾಕಿದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಕುಟಿಲಬುದ್ಧಿಯವನು ಅದೇ ಚಿಹ್ನೆಯ ಮುಂದೆ ಲೆಕ್ಕಹಾಕಿ ನಾಲ್ಕು ಪದ ಸೇರಿಸಿದರೆ ವಾಕ್ಯ ವ್ಯಾಕರಣಬದ್ಧವಾಗಿಬಿಡುತ್ತದೆ, ಯಾವ ದೋಷಸಂದೇಶವೂ ಬರುವುದಿಲ್ಲ. ಒಂದಕ್ಕೆ ಒಂದು ಯಾವಾಗಲೂ ಸಮವಾದ್ದರಿಂದ ಷರತ್ತು ಯಾವಾಗಲೂ ಸತ್ಯ. ಆದ್ದರಿಂದ ದೋಷಸಂದೇಶವನ್ನು ಬಾಯಿ ಮುಚ್ಚಿಸಬೇಕಾದ ಪೀಡೆ ಎಂದು ಭಾವಿಸುವುದು ತಪ್ಪು. ಅದು ಬಹುಪಾಲು ಎಚ್ಚರಿಕೆಯ ಗಂಟೆ.

ಅರ್ಜಿ ಮತ್ತು ನಮೂನೆ

ತಾಲ್ಲೂಕು ಕಚೇರಿಯ ಹೊರಗೆ ಕುಳಿತು ಅರ್ಜಿ ಬರೆದುಕೊಡುವವರನ್ನು ನೆನಪಿಸಿಕೊಳ್ಳಿ. ಕಕ್ಷಿದಾರ ಹೇಳಿದ್ದನ್ನೆಲ್ಲ ಯಥಾವತ್ತಾಗಿ, ಒಂದೇ ಓಟದಲ್ಲಿ ಬರೆಯುತ್ತಾ ಹೋಗುವ ಬರಹಗಾರನೊಬ್ಬ ಇದ್ದಾನೆಂದು ಭಾವಿಸೋಣ. ‘ನಿನ್ನ ಹೆಸರೇನು’ ಎಂದು ಕೇಳಿದಾಗ ಬಂದವನು, ‘ನಿಂಗಪ್ಪ, ಪಕ್ಕದ ಸರ್ವೆ ನಂಬರಿನ ಜಮೀನನ್ನೂ ಈತನ ಹೆಸರಿಗೇ ಮಾಡತಕ್ಕದ್ದು’ ಎಂದರೆ, ಬರಹಗಾರ ಅದನ್ನೂ ಬರೆದುಬಿಡುತ್ತಾನೆ. ಅರ್ಜಿ ಓದುವ ಅಧಿಕಾರಿಗೆ ಎಲ್ಲಿಯವರೆಗೆ ಹೆಸರು, ಎಲ್ಲಿಂದ ಬೇಡಿಕೆ ಎಂಬುದು ತಿಳಿಯುವುದಿಲ್ಲ. ಅದೇ ಮುದ್ರಿತ ನಮೂನೆಯಿದ್ದರೆ? ‘ಹೆಸರು’ ಎಂಬ ಚೌಕದೊಳಗೆ ಏನೇ ಬರೆದರೂ ಅದು ಹೆಸರೇ ಹೊರತು ಆಜ್ಞೆಯಾಗದು. ಹೆಚ್ಚೆಂದರೆ ಅದೊಂದು ವಿಚಿತ್ರ ಹೆಸರಾದೀತು.

ಸೊಸೆಯ ಕೋಡ್ ಮೊದಲ ಬಗೆಯ ಬರಹಗಾರನಂತಿತ್ತು. ಅದಕ್ಕೆ ಬೇಕಾದದ್ದು ಎರಡನೆಯ ಬಗೆಯ ನಮೂನೆ. ಈ ನಮೂನೆಗೆ ತಂತ್ರಾಂಶದ ಪರಿಭಾಷೆಯಲ್ಲಿ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’ ಎನ್ನುತ್ತಾರೆ. ವಾಕ್ಯದ ಚೌಕಟ್ಟನ್ನು ಮೊದಲೇ ಡೇಟಾಬೇಸಿಗೆ ಒಪ್ಪಿಸಿ, ಹೆಸರು, ಪಾಸ್‌ವರ್ಡ್‌ಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳನ್ನು ಖಾಲಿ ಬಿಡುವುದು, ಬಳಕೆದಾರರು ಕೊಟ್ಟದ್ದನ್ನು ಆಮೇಲೆ ಬೇರೆಯಾಗಿ ಕಳುಹಿಸುವುದು. ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತದ ಮುಂದೆ ‘ಮಾತ್ರ’ ಎಂದು ಬರೆದು ಗೆರೆ ಎಳೆಯುವುದನ್ನು ನಮ್ಮ ಹಿರಿಯರು ನಮಗೆ ಕಲಿಸಿದ್ದಾರೆ. ಅನ್ಯರು ಬಂದು ಒಂದು ಸೊನ್ನೆ ಸೇರಿಸಬಾರದೆಂಬ ಎಚ್ಚರವದು. ಇದೂ ಅದೇ ಎಚ್ಚರ. ಕೋಡಿನಲ್ಲಿ ನಾಲ್ಕೈದು ಸಾಲು ಬದಲಾದವು. ಗೆಳತಿ ತನ್ನ ಚಿಹ್ನೆಯ ಸಮೇತ ಒಳಗೆ ಬಂದಳು. ವಾರ್ಡನ್ನರ ಬಾಗಿಲು ಮುಚ್ಚಿತು.

ಹಳೆಯ ರೋಗ, ಹಳೆಯ ಮದ್ದು

ಈ ರೋಗ ಹೊಸತಲ್ಲ, ಮದ್ದೂ ಹೊಸತಲ್ಲ. ಡೇಟಾಬೇಸಿನ ಈ ಪ್ರಶ್ನೆಭಾಷೆಯನ್ನು ಐಬಿಎಂ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಲೋಕದ ಮುಂದಿಟ್ಟರು. ಕಂಪ್ಯೂಟರ್ ಪರಿಣತರಲ್ಲದವರೂ ಸರಳ ಇಂಗ್ಲಿಷ್ ವಾಕ್ಯದಂತೆ ಪ್ರಶ್ನೆ ಕೇಳಲು ಸಾಧ್ಯವಾಗಬೇಕೆಂಬುದು ಅವರ ಆಶಯವಾಗಿತ್ತು. ಆಗ ಪ್ರಶ್ನೆ ಕೇಳುವವರು ಸಂಸ್ಥೆಯ ಒಳಗಿನವರು. ಅಂತರಜಾಲ ಬಂದು, ಪ್ರಪಂಚದ ಯಾವ ಮೂಲೆಯ ಅಪರಿಚಿತನೂ ಆ ವಾಕ್ಯದೊಳಗೆ ತನ್ನ ಪದಗಳನ್ನು ಸೇರಿಸಬಹುದಾದ ಕಾಲ ಅವರ ಎಣಿಕೆಯಲ್ಲಿರಲಿಲ್ಲ. 1998ರ ಡಿಸೆಂಬರಿನಲ್ಲಿ ‘ಫ್ರ್ಯಾಕ್’ ಎಂಬ ಪತ್ರಿಕೆಯಲ್ಲಿ ಜೆಫ್ ಫಾರಿಸ್ಟಾಲ್ ಎಂಬಾತ ಗುಪ್ತನಾಮದಲ್ಲಿ ಈ ಬಿರುಕನ್ನು ವಿವರಿಸಿದ. ಅನಂತರ ಅದಕ್ಕೆ ‘ಎಸ್‌ಕ್ಯುಎಲ್ ಇಂಜೆಕ್ಷನ್’ ಎಂಬ ಹೆಸರು ನಿಂತಿತು.

ಪಿಎಚ್‌ಪಿ ಭಾಷೆಯವರು ಮೊದಮೊದಲು ಸುಲಭದ ದಾರಿ ಹಿಡಿದರು. ಬಳಕೆದಾರರು ಕೊಟ್ಟ ಪ್ರತಿ ಉದ್ಧರಣ ಚಿಹ್ನೆಯ ಹಿಂದೆ ಓರೆಗೆರೆಯೊಂದನ್ನು ತಾನಾಗಿ ಸೇರಿಸುವ ‘ಮ್ಯಾಜಿಕ್ ಕೋಟ್ಸ್’ ಎಂಬ ವ್ಯವಸ್ಥೆ ಅದು. ರಕ್ಷಣೆ ಅರೆಬರೆಯಾಯಿತು, ಜನರ ಹೆಸರುಗಳ ನಡುವೆ ಬೇಡದ ಓರೆಗೆರೆಗಳು ಮೂಡತೊಡಗಿದವು. 2012ರಲ್ಲಿ ಅದನ್ನು ಭಾಷೆಯಿಂದಲೇ ಕಿತ್ತುಹಾಕಲಾಯಿತು. ಹಳೆಯ ಮೈಎಸ್‌ಕ್ಯುಎಲ್ ಆಜ್ಞೆಗಳನ್ನು 2015ರ ಡಿಸೆಂಬರಿನಲ್ಲಿ ಬಂದ ಏಳನೆಯ ಆವೃತ್ತಿಯಲ್ಲಿ ಕೈಬಿಡಲಾಯಿತು. ಸುರಕ್ಷಿತ ನಮೂನೆಗಳನ್ನು ಬಳಸುವ ಸೌಕರ್ಯ ಅದಕ್ಕೂ ಹತ್ತು ವರ್ಷ ಮೊದಲೇ ಆ ಭಾಷೆಯಲ್ಲಿತ್ತು. ಆದರೂ ಹಳೆಯ ಪಾಠಗಳು ಝೆರಾಕ್ಸ್ ಪ್ರತಿಗಳಾಗಿ, ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಬಂದ ಪ್ರಾಜೆಕ್ಟುಗಳಾಗಿ ಬದುಕುಳಿದಿವೆ. ಸೊಸೆಯ ಕೋಡೂ ಹಾಗೆ ಬಳುವಳಿಯಾಗಿ ಬಂದದ್ದೇ.

ಇದರ ಬೆಲೆಯೇನೆಂಬುದಕ್ಕೆ ಜಗತ್ತಿನಲ್ಲಿ ನಿದರ್ಶನಗಳ ಕೊರತೆಯಿಲ್ಲ. 2009ರಲ್ಲಿ ಅಮೆರಿಕದ ‘ರಾಕ್‌ಯೂ’ ಸಂಸ್ಥೆಯ ಡೇಟಾಬೇಸಿಗೆ ಇದೇ ಬಿರುಕಿನಿಂದ ಕನ್ನ ಬಿದ್ದು 3.2 ಕೋಟಿ ಪಾಸ್‌ವರ್ಡ್‌ಗಳು ಬಯಲಾದವು. ಬ್ರಿಟನ್ನಿನ ದೂರಸಂಪರ್ಕ ಸಂಸ್ಥೆ ‘ಟಾಕ್‌ಟಾಕ್’ 2015ರಲ್ಲಿ ಸುಮಾರು 1,57,000 ಗ್ರಾಹಕರ ವಿವರಗಳನ್ನು ಕಳೆದುಕೊಂಡು, ಮರುವರ್ಷ ನಾಲ್ಕು ಲಕ್ಷ ಪೌಂಡ್ ದಂಡ ತೆತ್ತಿತು. ಆ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡವರ ಪೈಕಿ 17 ವರ್ಷದ ಹುಡುಗನೊಬ್ಬನಿದ್ದ. ಇವೆಲ್ಲ ಹಳೆಯ ಕಥೆ ಎನ್ನುವವರಿಗೆ 2023ರ ‘ಮೂವ್‌ಇಟ್’ ಪ್ರಕರಣವಿದೆ. ಕಡತ ಸಾಗಿಸುವ ಆ ತಂತ್ರಾಂಶದಲ್ಲಿ ಅಡಗಿದ್ದ ಇಂಥದೇ ದೋಷದಿಂದ ಎರಡು ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ತೊಂದರೆಗೊಳಗಾದವು. ಜಾಲತಾಣಗಳ ಅಪಾಯಗಳನ್ನು ಪಟ್ಟಿ ಮಾಡುವ ‘ಒವಾಸ್ಪ್’ ಸಂಸ್ಥೆ 2010, 2013 ಮತ್ತು 2017ರ ಪಟ್ಟಿಗಳಲ್ಲಿ ಈ ಬಗೆಯ ದೋಷಗಳಿಗೆ ಮೊದಲ ಸ್ಥಾನ ಕೊಟ್ಟಿತ್ತು. 2021ರಲ್ಲಿ ಅದು ಮೂರನೆಯ ಸ್ಥಾನಕ್ಕಿಳಿಯಿತು ಎಂಬುದಷ್ಟೇ ಸಮಾಧಾನ.

ಬಯಲಲ್ಲಿಟ್ಟ ಬೀಗದ ಕೈ

ಆ ರಾತ್ರಿ ಇನ್ನೂ ಒಂದು ಸಂಗತಿ ಕಣ್ಣಿಗೆ ಬಿತ್ತು. ಡೇಟಾಬೇಸಿನ ಪಟ್ಟಿಯನ್ನು ತೆರೆಸಿ ನೋಡಿದರೆ ಸಹಪಾಠಿಗಳ ಪಾಸ್‌ವರ್ಡ್‌ಗಳೆಲ್ಲ ಅವರು ಬರೆದಂತೆಯೇ ಸಾಲಾಗಿ ನಿಂತಿದ್ದವು. ‘ಇದು ಬರೀ ಊಟದ ಲೆಕ್ಕ ಅಲ್ವಾ ಮಾವ, ಯಾರಿಗೆ ಬೇಕು?’ ಎಂದಳು. ಊಟದ ಲೆಕ್ಕ ಯಾರಿಗೂ ಬೇಡ, ನಿಜ. ಆದರೆ ನಮ್ಮಲ್ಲಿ ಬಹುತೇಕರು ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಬಳಸುತ್ತೇವೆ. ಊಟದ ಲೆಕ್ಕದ ಪುಟದಲ್ಲಿ ಸಿಕ್ಕ ಕೀಲಿಕೈ ಇ-ಮೇಲಿನ ಬಾಗಿಲಿಗೂ ಹೊಂದುತ್ತದೆ. ಇ-ಮೇಲ್ ಕೈಗೆ ಸಿಕ್ಕರೆ ಮಿಕ್ಕ ಅನೇಕ ಖಾತೆಗಳ ಪಾಸ್‌ವರ್ಡ್ ಬದಲಾಯಿಸುವ ದಾರಿಯೂ ಸಿಗುತ್ತದೆ. ಬಡ ಜಾಲತಾಣದ ಅಜಾಗ್ರತೆಯಿಂದ ಶ್ರೀಮಂತ ಜಾಲತಾಣದ ಬೀಗ ವ್ಯರ್ಥವಾಗುವುದು ಹೀಗೆ.

ಪಾಸ್‌ವರ್ಡನ್ನು ಇದ್ದಂತೆಯೇ ಇಡಬಾರದೆಂಬ ತಿಳಿವಳಿಕೆಯೂ ಹಳೆಯದೇ. ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಷ್ಟು ಹಿಂದೆಯೇ ಇದರ ವಿಧಾನವನ್ನು ಬರೆದಿಟ್ಟಿದ್ದಾರೆ. ಪಾಸ್‌ವರ್ಡನ್ನು ಹಿಟ್ಟು ಮಾಡಿ ಇಡುವುದು, ಅದಕ್ಕೆ ಪ್ರತಿಯೊಬ್ಬರಿಗೂ ಬೇರೆಯಾದ ‘ಉಪ್ಪು’ ಬೆರೆಸುವುದು. ಹಿಟ್ಟಿನಿಂದ ಮತ್ತೆ ಕಾಳು ಮಾಡಲಾಗದು. ಬಳಕೆದಾರರು ಮರಳಿ ಬಂದಾಗ ಅವರು ಕೊಟ್ಟ ಕಾಳನ್ನೂ ಅದೇ ಬೀಸುಕಲ್ಲಿನಲ್ಲಿ ಬೀಸಿ, ಎರಡು ಹಿಟ್ಟೂ ಒಂದೇ ಎಂದು ಹೋಲಿಸಿದರೆ ಮುಗಿಯಿತು. ಇದನ್ನು ಮಾಡುವ ಸಿದ್ಧ ಆಜ್ಞೆ ಪಿಎಚ್‌ಪಿಯಲ್ಲಿ 2013ರಿಂದ ಇದೆ. ಓದುಗರೂ ಒಂದು ಪರೀಕ್ಷೆ ಮಾಡಿ ನೋಡಬಹುದು. ‘ಪಾಸ್‌ವರ್ಡ್ ಮರೆತಿದೆ’ ಎಂದಾಗ ಯಾವುದಾದರೂ ಜಾಲತಾಣ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಇ-ಮೇಲಿಗೆ ಕಳುಹಿಸಿದರೆ, ಅದು ನಿಮ್ಮ ಕಾಳನ್ನು ಬೀಸಿಲ್ಲವೆಂದೇ ಅರ್ಥ. ಅಂಥಲ್ಲಿ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಟ್ಟುಕೊಳ್ಳುವುದು ಕ್ಷೇಮ.

ಮಾಡಬೇಕಾದದ್ದೇನು?

ಎಲ್ಲ ಸರಿಪಡಿಸಿದ ಮೇಲೆ ಸೊಸೆ ಕೇಳಿದ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತಿದೆ. ‘ಪರೀಕ್ಷಕರು ಇದನ್ನೆಲ್ಲ ನೋಡೋದಿಲ್ಲ ಅಲ್ವಾ ಮಾವ?’ ಆಕೆಯ ಮಾತಿನಲ್ಲಿ ಸೋಮಾರಿತನವಿರಲಿಲ್ಲ. ತಾನು ಓದಿದ ವ್ಯವಸ್ಥೆಯನ್ನು ಆಕೆ ಸರಿಯಾಗಿಯೇ ಗ್ರಹಿಸಿದ್ದಳು. ಹೆಸರು, ಪಾಸ್‌ವರ್ಡ್ ಹಾಕಿದರೆ ಪುಟ ತೆರೆಯುತ್ತದೆಯೇ ಎಂಬುದಕ್ಕೆ ಅಂಕ. ತಪ್ಪು ಕೈಗೆ ಆ ಪುಟ ತೆರೆಯುವುದಿಲ್ಲವೇ ಎಂಬುದಕ್ಕೆ ಅಂಕವಿಲ್ಲ. ಬಾಗಿಲಿನ ಪರೀಕ್ಷೆಯೆಂದರೆ ಅದು ತೆರೆಯುವುದನ್ನು ನೋಡುವುದಷ್ಟೇ ಅಲ್ಲ, ಮುಚ್ಚಿಕೊಂಡಿರುವುದನ್ನೂ ನೋಡುವುದು. ಇಂದು ಅಂಕಕ್ಕಾಗಿ ಬರೆಯುವವರೇ ನಾಳೆ ಆಸ್ಪತ್ರೆಗಳಿಗೆ, ಸಹಕಾರ ಸಂಘಗಳಿಗೆ, ಶಾಲಾ ಪ್ರವೇಶಕ್ಕೆ ತಂತ್ರಾಂಶ ಬರೆಯುತ್ತಾರೆ ಎಂಬುದನ್ನು ಮರೆಯಲಾಗದು.

ಮೊದಲನೆಯದಾಗಿ, ಪ್ರಾಯೋಗಿಕ ಪರೀಕ್ಷೆಗಳಲ್ಲಿ ಲಾಗಿನ್ ಪುಟವಿರುವ ಪ್ರತಿ ಪ್ರಾಜೆಕ್ಟಿನಲ್ಲೂ ಪರೀಕ್ಷಕರು ಹೆಸರಿನ ಜಾಗದಲ್ಲಿ ಒಂದು ಉದ್ಧರಣ ಚಿಹ್ನೆ ಹಾಕಿ ನೋಡುವ ಪದ್ಧತಿ ಬರಬೇಕು. ಪಾಸ್‌ವರ್ಡ್ ಪಟ್ಟಿಯನ್ನು ತೆರೆದು ತೋರಿಸಲು ಕೇಳಬೇಕು. ಎರಡಕ್ಕೂ ಸೇರಿ ಎರಡು ನಿಮಿಷ ಸಾಕು, ಯಾವ ಖರ್ಚೂ ಇಲ್ಲ.

ಎರಡನೆಯದಾಗಿ, ದೋಷಸಂದೇಶ ಓದುವುದನ್ನು ಪಾಠವಾಗಿ ಕಲಿಸಬೇಕು. ಪಿಎಚ್‌ಪಿಯಲ್ಲಿ ಜೋಡಿ ವಿವರಣ ಚಿಹ್ನೆ ತಪ್ಪು ಜಾಗದಲ್ಲಿ ಬಂದರೆ ‘ಪಾಮಾಯಿಮ್ ನೆಕುಡೋತಾಯಿಮ್’ ಎಂಬ ವಿಚಿತ್ರ ಪದವಿರುವ ಸಂದೇಶ ಬಹಳ ವರ್ಷ ಬರುತ್ತಿತ್ತು. ಅದು ಹೀಬ್ರೂ ಪದ. ಆ ಭಾಷೆಯನ್ನು ಮರುರೂಪಿಸಿದ ಝೀವ್ ಸುರಾಸ್ಕಿ ಮತ್ತು ಆಂಡಿ ಗುಟ್ಮನ್ಸ್ ಇಸ್ರೇಲಿನವರು. ಜಗತ್ತಿನ ಪ್ರೋಗ್ರಾಮರುಗಳೆಲ್ಲ ಈ ಪದ ಕಂಡು ತಲೆ ಕೆರೆದುಕೊಂಡಿದ್ದಾರೆ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗನಿಗೆ ಇಂಗ್ಲಿಷಿನ ಪ್ರತಿ ದೋಷಸಂದೇಶವೂ ಅಂಥದೇ ಹೀಬ್ರೂ. ಸಾಮಾನ್ಯವಾಗಿ ಎದುರಾಗುವ ಐವತ್ತು ಸಂದೇಶಗಳಿಗೆ ಕನ್ನಡದಲ್ಲಿ ವಿವರಣೆ ಬರೆದು ಪ್ರಯೋಗಾಲಯದ ಗೋಡೆಗೆ ಅಂಟಿಸಿದರೆ ಎಷ್ಟೋ ರಾತ್ರಿಗಳ ಕಣ್ಣೀರು ಉಳಿದೀತು. ಅರ್ಥವಾಗದ ಸಂದೇಶವನ್ನು ಮುಚ್ಚಿಹಾಕುವ ಚಟವೂ ತಪ್ಪೀತು.

ಮೂರನೆಯದಾಗಿ, ತಂತ್ರಾಂಶ ಕೊಳ್ಳುವವರ ಹೊಣೆ. ಕೇಂದ್ರದ ‘ಸರ್ಟ್-ಇನ್’ ಸಂಸ್ಥೆ ಮಾನ್ಯ ಮಾಡಿದ ಭದ್ರತಾ ಲೆಕ್ಕಪರಿಶೋಧಕರ ಪಟ್ಟಿಯಿದೆ. ಸಣ್ಣ ಶಾಲೆ, ಸಂಘ, ನರ್ಸಿಂಗ್ ಹೋಮುಗಳು ಅತಿ ಕಡಿಮೆ ಬೆಲೆ ಹೇಳಿದವರಿಗೆ ಕೆಲಸ ಒಪ್ಪಿಸಿ, ಪುಟ ತೆರೆದುಕೊಂಡರೆ ಹಣ ಕೊಟ್ಟು ಕೈತೊಳೆದುಕೊಳ್ಳುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾಹಿತಿಗೆ ಸೂಕ್ತ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೂ ದಂಡ ವಿಧಿಸಲು ಅವಕಾಶವಿದೆ. ಆ ಹೊಣೆ ಬೀಳುವುದು ಕೋಡ್ ಬರೆದ ಹುಡುಗನ ಮೇಲಲ್ಲ, ಜನರ ಮಾಹಿತಿ ಪಡೆದ ಸಂಸ್ಥೆಯ ಮೇಲೆ ಎಂಬುದನ್ನು ಅವು ಅರಿಯಬೇಕು.

ಕೃತಕ ಬುದ್ಧಿಮತ್ತೆಯೇ ಕೋಡ್ ಬರೆದುಕೊಡುವ ಈ ಕಾಲದಲ್ಲಿ ಇಷ್ಟೆಲ್ಲ ಕಲಿಯುವ ಅಗತ್ಯವೇನೆಂದು ಕೆಲವರು ಕೇಳಬಹುದು. ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಇಂದಿನ ಸಿದ್ಧ ಚೌಕಟ್ಟುಗಳು ಸುರಕ್ಷಿತ ನಮೂನೆಯನ್ನು ತಾವಾಗಿಯೇ ಬಳಸುತ್ತವೆ ಎಂಬುದೂ ನಿಜ. ಆದರೆ ಯಂತ್ರ ಕಲಿತದ್ದು ಮನುಷ್ಯರು ಬರೆದ ಕೋಡಿನಿಂದ. ಅದರಲ್ಲಿ ಒಳ್ಳೆಯದೂ ಇದೆ, ಝೆರಾಕ್ಸ್ ಪ್ರತಿಯ ಕಾಲದ್ದೂ ಇದೆ. ಬರೆದುಕೊಟ್ಟದ್ದು ಯಾವುದೆಂದು ಗುರುತಿಸಲು ಓದಬಲ್ಲ ಕಣ್ಣು ಬೇಕು. ಪತ್ರವನ್ನು ವಕೀಲರು ಬರೆದುಕೊಟ್ಟರೂ ಸಹಿ ಹಾಕುವ ಮುನ್ನ ಓದಿ ನೋಡುವುದನ್ನು ನಾವು ಬಿಟ್ಟಿಲ್ಲವಲ್ಲ.

ಮರುದಿನ ಮಧ್ಯಾಹ್ನ ಸೊಸೆಯ ಫೋನ್ ಬಂತು. ಪರೀಕ್ಷಕರು ತಮ್ಮ ಹೆಸರು ಹಾಕಿ, ಪುಟ ತೆರೆದದ್ದನ್ನು ನೋಡಿ, ಮುಂದಿನ ವಿದ್ಯಾರ್ಥಿಯತ್ತ ಹೊರಟರಂತೆ. ಇವಳೇ ತಡೆದು, ‘ಸರ್, ಹೆಸರಿನ ಮಧ್ಯೆ ಒಂದು ಉದ್ಧರಣ ಚಿಹ್ನೆ ಹಾಕಿ ನೋಡಿ’ ಎಂದಳಂತೆ. ಅವರು ಹಾಕಿದರು, ‘ಇದೇಕೆ?’ ಎಂದು ಕೇಳಿದರು. ಇವಳು ತನ್ನ ಗೆಳತಿಯ ಹೆಸರನ್ನು ಹೇಳಿ, ರಾತ್ರಿ ನಡೆದದ್ದನ್ನು ವಿವರಿಸಿದಳು. ಪರೀಕ್ಷಕರು ಕೇಳಿಕೊಂಡು, ಮುಂದಿನ ವಿದ್ಯಾರ್ಥಿಯ ಮುಂದೆ ಕುಳಿತು ಮೊದಲು ಬರೆದದ್ದು ಅದೇ ಚಿಹ್ನೆಯನ್ನಂತೆ. ವಿದ್ಯಾರ್ಥಿಯೊಬ್ಬಳು ತಡೆದು ಹೇಳುವವರೆಗೆ ಕಾಯದೆ ಎಲ್ಲ ಪರೀಕ್ಷಕರೂ ಹಾಗೆ ಮಾಡುವಂತಾಗಲಿ.